ಸುಣ್ಣದ ಬಾಬ್ತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮೂರನೆಯದೊಂದನ್ನು ಏಕೆ ಹೇಳದೆ ಬಿಟ್ಟರೋ ತಿಳಿಯದು. ಕಟ್ಟಿದ ಮನೆಯಲ್ಲಿ ತಾನೇ ವಾಸಮಾಡುವವನ ಕಷ್ಟವು ಗೃಹಪ್ರವೇಶದ ದಿನಕ್ಕೆ ಬಹುಮಟ್ಟಿಗೆ ಮುಗಿಯುತ್ತದೆ. ಮದುವೆಯ ಸಾಲವು ಹತ್ತು ವರ್ಷಕ್ಕಾದರೂ ತೀರುತ್ತದೆ. ಮನೆಯನ್ನು ಕೊಂಡು ಅದನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟವನ ಪಾಡಾದರೋ ಪ್ರತಿ ತಿಂಗಳ ಐದನೆಯ ತಾರೀಖಿಗೆ ಹೊಸದಾಗಿ ಹುಟ್ಟುತ್ತದೆ. ದೊಡ್ಡ ದೊಡ್ಡ ಕಟ್ಟಡಗಳ ಒಡೆಯರ ಮಾತನ್ನು ನಾನು ಆಡುತ್ತಿಲ್ಲ. ಅವರಿಗೆ ಗುಮಾಸ್ತರುಂಟು, ವಕೀಲರುಂಟು. ನಿವೃತ್ತಿಯ ಗಂಟನ್ನು ನಾಲ್ಕು ಹೆಂಚಿನ ಮನೆಗಳಲ್ಲಿ ಹೂಡಿ, ತಾನೇ ಗುಮಾಸ್ತನೂ ತಾನೇ ಕೂಲಿಯೂ ಆದವನ ಮಾತು ಇದು.

ಮೊದಲೇ ಒಂದು ವಿಷಯವನ್ನು ವಾಚಕರಲ್ಲಿ ಅರಿಕೆಮಾಡಬೇಕು. ನಾನು ಮನೆಯ ಮಾಲೀಕನಾದುದು ಐವತ್ತೆಂಟು ದಾಟಿದ ಮೇಲೆ. ಅದಕ್ಕೆ ಮುಂಚೆ ಮೂವತ್ತಾರು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೇಷ್ಟರಾಗಿ, ನಂಜನಗೂಡು, ಹುಣಸೂರು, ಕೃಷ್ಣರಾಜನಗರ, ಕಡೆಗೆ ಮೈಸೂರು ಎಂದು ವರ್ಗವಾದ ಕಡೆಗೆಲ್ಲ ಪಾತ್ರೆಪಡಗ ಹೊತ್ತುಕೊಂಡು ಹೋಗಿ, ಹನ್ನೊಂದು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದವನು. ಒಂದೂರಿನಲ್ಲಿ ಮನೆಯೊಡತಿ ನಾವು ಬಾವಿಯಿಂದ ಸೇದುವ ಕೊಡಗಳನ್ನು ಕಿಟಕಿಯಿಂದ ಎಣಿಸುತ್ತಿದ್ದಳು. ಇನ್ನೊಂದೂರಿನಲ್ಲಿ ನಾವು ಮನೆ ಬಿಡುವ ಸಂಜೆ ಮಾಲೀಕರು ಟಾರ್ಚು ಹಿಡಿದು ಬಂದು ಗೋಡೆಯ ಮೊಳೆಗಳನ್ನು ಎಣಿಸಿದರು. ಹದಿನೇಳು ಮೊಳೆ, ಮೊಳೆಯೊಂದಕ್ಕೆ ಎಂಟಾಣೆಯಂತೆ ಎಂಟೂವರೆ ರೂಪಾಯಿಯನ್ನು ಮುಂಗಡದಲ್ಲಿ ಮುರಿದುಕೊಂಡರು. ಅದರಲ್ಲಿ ಎರಡು ಮೊಳೆ ನಾವು ಬರುವುದಕ್ಕೆ ಮೊದಲೇ ಇದ್ದವೆಂದು ನನ್ನ ಹೆಂಡತಿ ಇಂದಿಗೂ ಸಾಧಿಸುತ್ತಾಳೆ. ಆ ರಾತ್ರಿ ಎತ್ತಿನಗಾಡಿಯ ಹಿಂದೆ ನಡೆಯುತ್ತ, ದೇವರು ನಮಗೂ ಒಂದು ಮನೆಯನ್ನು ಕೊಟ್ಟು ಅದರಲ್ಲಿ ಬಾಡಿಗೆಗೆ ಜನ ಬಂದರೆ, ಅವರ ಮೊಳೆಗಳನ್ನು ನಾನು ಎಣಿಸುವುದಿಲ್ಲ ಎಂದು ಅವಳ ಎದುರಿಗೇ ಹೇಳಿದೆನು. ಆ ಮಾತನ್ನು ನಾನು ಅಕ್ಷರಶಃ ನಡೆಸಿದ್ದೇನೆ. ಒಂದು ಮೊಳೆಯನ್ನೂ ಎಣಿಸಿಲ್ಲ.

೨೦೦೧ರಲ್ಲಿ ನಿವೃತ್ತನಾದಾಗ ಕೈಗೆ ಬಂದ ಹಣವನ್ನು ಬ್ಯಾಂಕಿನಲ್ಲಿಡು ಎಂದವರೇ ಹೆಚ್ಚು. ಆದರೆ ಹನ್ನೊಂದು ಮನೆಗಳ ಹೊಸ್ತಿಲನ್ನು ಕಂಡವನಿಗೆ ಬ್ಯಾಂಕಿನ ಪುಸ್ತಕದಲ್ಲಿ ಏನು ಸೊಗಸು? ಮೈಸೂರಿನ ಅಗ್ರಹಾರದ ಕಡೆಯ ಒಂದು ಸಂದಿಯಲ್ಲಿ ಹಳೆಯ ವಠಾರವೊಂದು ಮಾರಾಟಕ್ಕಿದೆಯೆಂದು ತಿಳಿಯಿತು. ಬೀದಿಗೆ ಮುಖಮಾಡಿದ ಒಂದು ಮನೆ, ಅದರ ಹಿಂದೆ ಉದ್ದನೆಯ ಅಂಗಳ, ಅಂಗಳದ ಒಂದು ಪಕ್ಕಕ್ಕೆ ಸಾಲಾಗಿ ನಾಲ್ಕು ಚಿಕ್ಕ ಮನೆಗಳು. ಒಂದು ನಡುಮನೆ, ಒಂದು ಅಡಿಗೆಮನೆ, ಒಂದು ಬಚ್ಚಲು—ಅಷ್ಟೇ. ಅಂಗಳದ ನಡುವೆ ಚಪ್ಪಡಿ ಮುಚ್ಚಿದ ಬಾವಿ, ಪಕ್ಕದಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ. ಮೇಲೆ ಮಂಗಳೂರು ಹೆಂಚು. ಬೆಲೆ ೬,೪೦,೦೦೦ ರೂಪಾಯಿ. ಮುದ್ರಾಂಕದ ಖರ್ಚಿಗೆ ಹೆಂಡತಿಯ ನಾಲ್ಕು ಬಳೆಗಳು ಹೋದುವು. ಮುಂದಿನ ಮನೆ ನಮಗೆ, ಹಿಂದಿನ ನಾಲ್ಕು ಬಾಡಿಗೆಗೆ ಎಂದು ಏರ್ಪಾಡು.

ಕಾಗದಪತ್ರಗಳನ್ನು ನೋಡುವುದರಲ್ಲಿ ನಾನು ಉದಾಸೀನನಾಗಿದ್ದೆನೆಂದು ಯಾರೂ ಹೇಳಲಾರರು. ಹಿಂದಿನ ಮೂವತ್ತು ವರ್ಷಗಳ ಮೂಲಪತ್ರ, ಋಣಭಾರದ ಪತ್ರ, ಖಾತೆ, ಕಂದಾಯದ ರಸೀದಿ, ಮಾರುವ ಅಣ್ಣತಮ್ಮಂದಿರ ವಿಭಾಗಪತ್ರ, ಮದುವೆಯಾಗಿ ಹೋದ ತಂಗಿಯ ಒಪ್ಪಿಗೆಯ ರುಜು ಎಲ್ಲವನ್ನೂ ಪರಿಚಯದ ವಕೀಲರೊಬ್ಬರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆಯೇ ರಿಜಿಸ್ಟ್ರಿಯಾಯಿತು. ಬಿಟ್ಟುಹೋದುದು ಒಂದೇ. ಮನೆಯೊಳಗಿದ್ದ ನಾಲ್ಕು ಸಂಸಾರಗಳು ಹಳೆಯ ಮಾಲೀಕರಲ್ಲಿ ಇಟ್ಟಿದ್ದ ಮುಂಗಡ ಹಣ. ಅದನ್ನು ಕ್ರಯದಲ್ಲಿ ಮುರಿದುಕೊಳ್ಳಬೇಕಾಗಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ರಿಜಿಸ್ಟ್ರಿಯಾದ ಮರುವಾರ ನಾಲ್ಕು ಮನೆಯವರೂ ತಮ್ಮ ತಮ್ಮ ಕರಾರುಪತ್ರಗಳನ್ನು ತಂದು ತೋರಿಸಿದರು: ೭,೦೦೦, ೬,೦೦೦, ೪,೫೦೦, ಕೊನೆಯ ಮನೆಯ ವೃದ್ಧೆಯದು ೧೯೭೪ರಲ್ಲಿ ಕೊಟ್ಟ ೨೦೦. ಒಟ್ಟು ೧೭,೭೦೦ ರೂಪಾಯಿ. ನಾನು ಕಣ್ಣಿನಿಂದ ಕಾಣದ ಹಣ, ಆದರೆ ಎಂದಾದರೊಂದು ದಿನ ಕೈಯಿಂದ ಕೊಡಬೇಕಾದ ಹಣ. ಹಳೆಯ ಮಾಲೀಕರಲ್ಲಿ ಒಬ್ಬರು ಅದು ಎಂದೋ ಖರ್ಚಾಯಿತೆಂದರು, ಇನ್ನೊಬ್ಬರು ಊರಿನಲ್ಲಿರಲಿಲ್ಲ. ಜನರಿರುವ ಮನೆಯನ್ನು ಕೊಳ್ಳುವವರು ಈ ಮಾತನ್ನು ನೆನಪಿನಲ್ಲಿಡಬೇಕು. ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಕಹಿ ಆಗ ಕುಳಿತುಕೊಂಡಿತು. ಮುಂದೆ ನಡೆದುದಕ್ಕೆ ಅದೇ ಬೀಜವೆಂದು ಈಗ ತೋರುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾಲ್ಕು ಮನೆಗಳ ಬಾಡಿಗೆ ಕ್ರಮವಾಗಿ ೭೦೦, ೬೦೦, ೪೫೦, ೧೨೫. ತಿಂಗಳಿಗೆ ೧,೮೭೫, ವರ್ಷಕ್ಕೆ ೨೨,೫೦೦. ಅದೇ ಹಣ ಬ್ಯಾಂಕಿನಲ್ಲಿದ್ದರೆ ಆಗಿನ ದರ ನೂರಕ್ಕೆ ಎಂಟರ ಆಸುಪಾಸಿನಂತೆ ೫೧,೨೦೦ ಬರುತ್ತಿತ್ತು. 'ನಾವು ಕೊಡುತ್ತಿದ್ದ ಸಾವಿರದ ಇನ್ನೂರು ಬಾಡಿಗೆ ಉಳಿಯಲಿಲ್ಲವೆ?' ಎಂದಳು ನನ್ನ ಹೆಂಡತಿ. ಅದನ್ನು ಸೇರಿಸಿದರೂ ೩೬,೯೦೦. ಉಳಿದ ಹದಿನಾಲ್ಕು ಸಾವಿರ ಚಿಲ್ಲರೆ, ಮನೆಯ ಯಜಮಾನನೆನಿಸಿಕೊಳ್ಳುವುದಕ್ಕೆ ನಾನು ವರ್ಷವರ್ಷವೂ ಕೊಡುತ್ತಿದ್ದ ಕಾಣಿಕೆಯೆಂದು ಭಾವಿಸಬೇಕು. ಆದಾಯ ತೆರಿಗೆಯವರು ರಿಪೇರಿ ಮೊದಲಾದುವಕ್ಕೆಂದು ಬಾಡಿಗೆಯಲ್ಲಿ ನೂರಕ್ಕೆ ಮೂವತ್ತನ್ನು ಬಿಡುತ್ತಾರೆ. ಅವರು ಹೆಂಚಿನ ಮನೆಯನ್ನು ನೋಡಿಲ್ಲವೆಂದು ಕಾಣುತ್ತದೆ.

ವಕೀಲರು ಸಮಾಧಾನ ಹೇಳಿದರು. ಮೈಸೂರು ರಾಜ್ಯದಲ್ಲಿ ೧೯೫೧ರಲ್ಲಿ ಒಂದು, ೧೯೬೧ರಲ್ಲಿ ಇನ್ನೊಂದು ಬಾಡಿಗೆ ನಿಯಂತ್ರಣದ ಶಾಸನಗಳಾಗಿ, ಮನೆ ಖಾಲಿಯಾದರೆ ಮಾಲೀಕನು ಅಧಿಕಾರಿಗೆ ತಿಳಿಸಬೇಕು, ಅಧಿಕಾರಿಯು ಬೇಕಾದವರಿಗೆ ಅದನ್ನು ಹಂಚಬಹುದು, ಹೇಳಿದ ಕಾರಣಗಳಿಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದಿದ್ದ ಕಾಲ ಹೋಯಿತು. ೧೯೯೯ರ ಹೊಸ ಕಾಯಿದೆ ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದಿದೆ, ಹೆಚ್ಚು ಬಾಡಿಗೆಯ ಮನೆಗಳು ಅದರ ಹೊರಗೆ, ಕಡಮೆ ಬಾಡಿಗೆಯವು ಮಾತ್ರ ಅದರ ಆಶ್ರಯದಲ್ಲಿ ಎಂದರು. ನನ್ನ ನಾಲ್ಕೂ ಆಶ್ರಯದೊಳಗಿನವೇ! ಹೊಸಬರಿಗೆ ಕೊಡುವಾಗ ಹನ್ನೊಂದು ತಿಂಗಳಿಗೆ ಕರಾರು ಬರೆಯಿಸೆಂದೂ ಹೇಳಿದರು. ವರ್ಷವನ್ನು ಮೀರಿದ ಗುತ್ತಿಗೆಯನ್ನು ೧೯೦೮ರ ಕಾಯಿದೆಯಂತೆ ರಿಜಿಸ್ಟರು ಮಾಡಿಸಲೇಬೇಕಾದುದರಿಂದ ನಮ್ಮ ದೇಶದಲ್ಲಿ ಬಾಡಿಗೆದಾರನ ವರ್ಷಕ್ಕೆ ಹನ್ನೊಂದೇ ತಿಂಗಳು. ಅಧಿಕಮಾಸವನ್ನು ಕಂಡುಹಿಡಿದ ಪಂಚಾಂಗದವರಿಗೂ ಈ ಉಪಾಯ ಹೊಳೆದಿರಲಿಲ್ಲ.

ಮನೆಯನ್ನು ನಡೆಸುವುದೆಂದರೆ ಬಾಡಿಗೆ ವಸೂಲಿಮಾಡುವುದು ಎಂದು ತಿಳಿದಿದ್ದೆನು. ಅದು ತಿಂಗಳಿಗೆ ಒಂದು ದಿನದ ಕೆಲಸ. ಉಳಿದ ಇಪ್ಪತ್ತೊಂಬತ್ತು ದಿನವೂ ನೀರಿನ ಕೆಲಸ. ಮೇಲಿನಿಂದ ಬರಬಾರದ ನೀರು ಬರುತ್ತದೆ, ನಲ್ಲಿಯಲ್ಲಿ ಬರಬೇಕಾದ ನೀರು ಬರುವುದಿಲ್ಲ, ಮೋರಿಯಿಂದ ಹೋಗಬೇಕಾದ ನೀರು ಹೋಗುವುದಿಲ್ಲ. ಹೆಂಚಿನದೇ ಒಂದು ಪುರಾಣ. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಈ ಹೆಂಚನ್ನು ಮಾಡಲು ತೊಡಗಿದಾಗ ಮೈಸೂರಿನ ಕೋತಿಗಳನ್ನು ಗಣನೆಗೆ ತಂದುಕೊಂಡಿರಲಾರರು. ಒಂದು ಹೆಂಚಿನ ತುಟಿ ಇನ್ನೊಂದರ ಗಾಡಿಯಲ್ಲಿ ಕೂತಿರುವವರೆಗೆ ಎಂಥ ಮಳೆಯನ್ನಾದರೂ ಅದು ತಡೆದೀತು. ಕೋತಿಯ ಹಿಂಡು ಒಂದು ಸಲ ಓಡಿಹೋದರೆ ಹತ್ತು ಕಡೆ ತುಟಿ ಸರಿಯುತ್ತದೆ. ಕೆಳಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಟ್ಟಿಕ್ಕುವ ಜಾಗ ಒಂದು, ಸರಿದ ಹೆಂಚು ಅದಕ್ಕೆ ಎರಡು ಮೊಳ ಮೇಲೆ. ನೀರು ರೀಪಿನ ಮೇಲೆ ಹರಿದು ತನಗೆ ಇಷ್ಟವಾದ ಕಡೆ ಇಳಿಯುತ್ತದೆ. ಇದನ್ನು ತಿಳಿಯಲು ನನಗೆ ಎರಡು ಮಳೆಗಾಲ ಬೇಕಾಯಿತು. ಆಮೇಲೆ ಪ್ರತಿವರ್ಷವೂ ರೋಹಿಣಿ ಮಳೆಗೆ ಮುಂಚೆ ಆಳನ್ನು ಹತ್ತಿಸಿ ಹೆಂಚು ಕೈಯಾಡಿಸುವುದು, ಒಡೆದುದಕ್ಕೆಂದು ಐವತ್ತು ಹೆಂಚನ್ನು ಬಾವಿಯ ಪಕ್ಕದಲ್ಲಿ ಒಟ್ಟಿಡುವುದು ನೇಮವಾಯಿತು. ಕೈಯಾಡಿಸುವವನು ಒಳ್ಳೆಯ ಹೆಂಚನ್ನು ತುಳಿದು ಒಡೆದು, ಅದನ್ನೂ ಕೋತಿಯ ಲೆಕ್ಕಕ್ಕೆ ಬರೆಯಿಸುತ್ತಿದ್ದನು. ಅಂದಿನಿಂದ ಮೋಡ ಕಂಡಾಗ ನನಗೆ ಕಾವ್ಯವು ನೆನಪಾಗುವುದಿಲ್ಲ; ಮೂರನೆಯ ಮನೆಯ ಅಡಿಗೆಮನೆಯ ಈಶಾನ್ಯ ಮೂಲೆ ನೆನಪಾಗುತ್ತದೆ.

ಇನ್ನು ವಸೂಲಿ. ಮಕ್ಕಳಿಂದ ಮನೆಲೆಕ್ಕವನ್ನು ಗದರಿಸಿ ಕೇಳಿ ಅಭ್ಯಾಸವಿದ್ದ ಬಾಯಿಗೆ ಹಣ ಕೇಳುವ ಮಾತು ಬರಲಿಲ್ಲ. ಐದನೆಯ ತಾರೀಖು ದಾಟಿದರೆ ಕೊಡೆಯನ್ನು ಹಿಡಿದುಕೊಂಡು ಅಂಗಳಕ್ಕೆ ಹೋಗಿ ನಲ್ಲಿಯನ್ನು ತಿರುಗಿಸಿ ನೋಡುವೆನು, ಮೋರಿಯನ್ನು ಬಗ್ಗಿ ನೋಡುವೆನು, ಕೆಮ್ಮುವೆನು. ಆ ಕೆಮ್ಮಿನ ಅರ್ಥ ವಠಾರದ ಕೂಸಿಗೂ ಗೊತ್ತಿತ್ತು. ಒಮ್ಮೆ ಮೂರನೆಯ ಮನೆಯವರಲ್ಲಿಗೆ ಎರಡು ತಿಂಗಳ ಬಾಕಿ ಕೇಳಲೆಂದು ಹೋದವನು, ಅವರ ಮಗುವಿನ ಜ್ವರವನ್ನು ನೋಡಿ ಔಷಧಿಗೆಂದು ನೂರು ರೂಪಾಯಿ ಕೊಟ್ಟು ಹಿಂದಿರುಗಿದೆನು. 'ಕೇಳೋದಕ್ಕೆ ಹೋಗಿ ಕೊಟ್ಟು ಬಂದಿರಾ?' ಎಂದಳು ಹೆಂಡತಿ. ಇಂಥ ಸಂದರ್ಭಗಳಿಂದ ನಾನು ಬಹಳ ದಯಾಳುವಾದ ಮಾಲೀಕನೆಂಬ ಅಭಿಪ್ರಾಯ ಬೀದಿಯಲ್ಲಿ ಹರಡಿತು. ಅದು ನನ್ನ ಕಿವಿಗೂ ಬಿತ್ತು. ಬೀಳಬಾರದಾಗಿತ್ತು.

ಎರಡನೆಯ ಮನೆಯಲ್ಲಿ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದ ಯುವಕನೊಬ್ಬನು ತಾಯಿಯೊಡನೆ ಇದ್ದನು. ಮಾತು ಕಡಮೆ. ತಿಂಗಳ ಮೂರನೆಯ ತಾರೀಖಿಗೆ ಆರು ನೂರರ ನೋಟುಗಳನ್ನು ಮಡಿಸಿ ನಮ್ಮ ಜಗಲಿಯ ಮೇಲೆ ಇಟ್ಟು, 'ಬಾಡಿಗೆ ಸಾರ್' ಎಂದು ಹೇಳಿ ಹೋಗುವನು. ನಲ್ಲಿಯ ವಾಷರು ಹೋದರೆ ಅವನೇ ಹಾಕುವನು, ದುಡ್ಡು ಕೇಳಿದವನಲ್ಲ. ಮಾಲೀಕನು ತಾನು ಮಾಡಬೇಕಾದ ರಿಪೇರಿಯನ್ನು ಮಾಡದಿದ್ದರೆ ಬಾಡಿಗೆದಾರನು ನೋಟೀಸು ಕೊಟ್ಟು ತಾನೇ ಮಾಡಿಸಿ ಅದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ೧೮೮೨ರ ಕಾಯಿದೆಯಲ್ಲಿಯೇ ಇದೆ. ಅವನಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

೨೦೦೩ರ ಮಾರ್ಚಿಯಲ್ಲಿ ಅವನ ಕೆಲಸ ಹೋಯಿತು. ಅರಸೀಕೆರೆಯ ಕಡೆ ಭಾವನ ಊರಿಗೆ ಹೋಗುತ್ತೇವೆಂದು ಒಂದು ತಿಂಗಳು ಮುಂಚಿತವಾಗಿಯೇ ತಿಳಿಸಿದನು. ಬಿಡುವ ದಿನ ಲಗೇಜು ಆಟೋ ಬಾಗಿಲಲ್ಲಿ ನಿಂತಿತ್ತು; ತಾಯಿ ಮುಂದಿನ ಸೀಟಿನಲ್ಲಿ ಚೀಲವನ್ನು ತಬ್ಬಿಕೊಂಡು ಕುಳಿತಿದ್ದಳು. ಅವನು ಬೀಗದ ಕೈಯನ್ನು ಕೊಟ್ಟು ಮುಂಗಡಕ್ಕಾಗಿ ನಿಂತನು. ಆರು ಸಾವಿರ ರೂಪಾಯಿ. ನಾನು ಎಂದೂ ಪಡೆಯದ ಹಣ. ಹಿಂದಿನ ರಾತ್ರಿಯೆಲ್ಲ ಆ ಮಾತೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಕರಾರುಪತ್ರವನ್ನು ತಿರುವಿದಾಗ, ಛಾಪಾ ಕಾಗದದ ಅಂಗಡಿಯವರು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬೆರಳಚ್ಚು ಮಾಡಿಕೊಡುವ ಷರತ್ತುಗಳಲ್ಲಿ ಒಂಬತ್ತನೆಯದು ಕಣ್ಣಿಗೆ ಬಿದ್ದಿತು: ಮನೆ ಬಿಡುವಾಗ ಸುಣ್ಣಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಹಿಡಿಯತಕ್ಕದ್ದು. ಊರಿನಲ್ಲಿ ಎಲ್ಲರೂ ಹಿಡಿಯುತ್ತಾರೆ. ನಾನು ೫,೪೦೦ ಎಣಿಸಿ ಕೊಟ್ಟೆನು.

ಅವನು ಎರಡು ಸಲ ಎಣಿಸಿದನು. 'ಇನ್ನು ಆರುನೂರು, ಸಾರ್?'

'ಸುಣ್ಣದ ಬಾಬ್ತು. ಕರಾರಿನಲ್ಲಿದೆಯಪ್ಪ.'

ಅವನು ತೆರೆದಿದ್ದ ಬಾಗಿಲಿನೊಳಗೆ ಗೋಡೆಯ ಕಡೆ ಒಮ್ಮೆ ನೋಡಿದನು. ಆಮೇಲೆ ನನ್ನನ್ನು ನೋಡಿದನು. ಸಿಟ್ಟಿರಲಿಲ್ಲ, ಏನೋ ಹೇಳಬೇಕೆಂದು ತೊಡಗಿ ಬೇಡವೆಂದು ಬಿಟ್ಟವನ ಮುಖ. 'ಆಗಲಿ ಸಾರ್' ಎಂದು ಹೇಳಿ ಆಟೋದ ಹಿಂಭಾಗಕ್ಕೆ ಹತ್ತಿದನು. ನನಗೆ ಆಗ ಉಂಟಾದುದು ಸಮಾಧಾನವೆಂದು ಒಪ್ಪಿಕೊಳ್ಳಬೇಕಾಗಿದೆ. ಮಾಲೀಕನಾಗಿ ಮೊದಲ ಸಲ ವ್ಯವಹಾರವನ್ನು ವ್ಯವಹಾರವಾಗಿ ನಡೆಸಿದೆನೆಂದುಕೊಂಡೆನು.

ಮೂರನೆಯ ದಿನವೇ ಮನೆ ನೋಡಲು ಗಂಡಹೆಂಡಿರು ಬಂದರು. ಸುಣ್ಣದ ಆಳನ್ನು ಕರೆಯಿಸಲು ಸಮಯವಿರಲಿಲ್ಲ. ಕರೆಯಿಸುವ ಅವಶ್ಯವೂ ಕಾಣಲಿಲ್ಲ. ನಾನು ಬಾಗಿಲನ್ನು ತೆಗೆದು, 'ನೋಡಿ, ಗೋಡೆ ಹೇಗಿದೆ! ಸುಣ್ಣ ಹೊಡೆದು ಇನ್ನೂ ಆರು ತಿಂಗಳಾಗಿಲ್ಲ' ಎಂದೆನು. ಕೊನೆಯ ಮನೆಯ ವೃದ್ಧೆ ತನ್ನ ಮೆಟ್ಟಿಲ ಮೇಲೆ ಕುಳಿತು ಹೂಬತ್ತಿ ಮಾಡುತ್ತಿದ್ದಳು. ಮನೆ ಬಾಡಿಗೆಗೆ ಹೋಗಲೆಂಬ ಸದ್ಭಾವದಿಂದಲೇ ಆಕೆ ಅಲ್ಲಿಂದ ಕೂಗಿ ಹೇಳಿದಳು: 'ಹೌದು ಕಣಮ್ಮ, ದೀಪಾವಳಿಗೆ ಹೊಡೆದದ್ದು. ಆ ಹುಡುಗನೇ ಹೊಡೆದ, ಪಾಪ, ಎರಡು ದಿನ ರಜಾ ಹಾಕಿ. ನೀಲಿ ನಾನೇ ಕಲಸಿಕೊಟ್ಟೆ. ಕೆಳಗೆ ಕೆಮ್ಮಣ್ಣಿನ ಪಟ್ಟಿ ಅವರಮ್ಮ ಬಳಿದಳು. ಏಣಿ ನಮ್ಮ ಮೇಷ್ಟ್ರದ್ದೇ.'

ಏಣಿಯನ್ನು ಕೊಟ್ಟವನು ನಾನೇ. ಸಂಜೆ ಅವನು ಅದನ್ನು ತೊಳೆದು ತಂದು ಗೋಡೆಗೆ ಒರಗಿಸಿದುದೂ ನೆನಪಿಗೆ ಬಂದಿತು. ಇದನ್ನು ನಾನು ಮರೆತಿದ್ದೆನೆ, ಅಥವಾ ಆ ರಾತ್ರಿ ಒಂಬತ್ತನೆಯ ಷರತ್ತನ್ನು ಓದುವಾಗ ಬೇಕೆಂದೇ ನೆನಸಿಕೊಳ್ಳಲಿಲ್ಲವೆ, ನನಗೆ ಇಂದಿಗೂ ನಿಶ್ಚಯವಿಲ್ಲ. ಮೊಳೆ ಎಣಿಸಿದ ಆ ಮಾಲೀಕರಾದರೂ ಗೋಡೆಯಲ್ಲಿದ್ದ ಮೊಳೆಗಳನ್ನು ಎಣಿಸಿದ್ದರು.

ಹೆಂಡತಿಗೆ ಹೇಳಲು ಒಂದು ವಾರ ಹಿಡಿಯಿತು. ಅವಳು ಬೈಯಲಿಲ್ಲ. 'ವಿಳಾಸ ಇದೆಯೆ?' ಎಂದು ಕೇಳಿದಳು. ಕರಾರುಪತ್ರದಲ್ಲಿ ಖಾಯಂ ವಿಳಾಸವೆಂದು ಬರೆದಿದ್ದ ಊರಿಗೆ ಆರುನೂರು ರೂಪಾಯಿ ಮನಿಆರ್ಡರು ಕಳುಹಿಸಿದೆನು. ಕೂಪನ್ನಿನಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, 'ಲೆಕ್ಕದಲ್ಲಿ ತಪ್ಪಾಗಿತ್ತು' ಎಂದು ಬರೆದೆನು. ಮೂರು ವಾರಕ್ಕೆ ಹಣ ಹಿಂದಿರುಗಿತು; ಆ ಹೆಸರಿನವರು ಅಲ್ಲಿಲ್ಲವೆಂದು ಷರಾ. ಕಾರ್ಖಾನೆಯ ಬಾಗಿಲಲ್ಲಿ ವಿಚಾರಿಸಿದೆನು. ಅವನ ಜೊತೆಯವರೆಲ್ಲ ದಿಕ್ಕಿಗೊಬ್ಬರಾಗಿ ಹೋಗಿದ್ದರು. ಏಪ್ರಿಲ್ ತಿಂಗಳಿನಲ್ಲಿ ಕಂದಾಯ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿಯಾದುದರಿಂದ ಅದನ್ನು ಕಟ್ಟಿದ ದಿನವೇ ಲೆಕ್ಕದ ಪುಸ್ತಕದಲ್ಲಿ ಹೊಸ ಪುಟವನ್ನು ತೆರೆಯುವುದು ನನ್ನ ಪದ್ಧತಿ. ಆ ಪುಟದ ಮೊದಲನೆಯ ಸಾಲಿನಲ್ಲಿ 'ಸುಣ್ಣದ ಬಾಬ್ತು—ಕೊಡಬೇಕಾದ್ದು—೬೦೦' ಎಂದು ಬರೆದೆನು. ಮರುವರ್ಷವೂ ಬರೆದೆನು. ಒಂಬತ್ತನೆಯ ಷರತ್ತನ್ನು ಹೊಸ ಕರಾರುಗಳಲ್ಲಿ ಹೊಡೆದುಹಾಕಿಸಿದೆನು. ಛಾಪಾ ಕಾಗದದ ಅಂಗಡಿಯ ಹುಡುಗನು, 'ಎಲ್ಲರೂ ಹಾಕಿಸ್ತಾರೆ ಸಾರ್, ನೀವು ಯಾಕೆ ಬಿಡ್ತೀರಿ?' ಎಂದು ಕೇಳಿದನು.

ಕೊನೆಯ ಮನೆಯ ವೃದ್ಧೆಯ ವಿಷಯವನ್ನೂ ಹೇಳದಿದ್ದರೆ ಲೆಕ್ಕ ಅಪೂರ್ಣವಾಗುತ್ತದೆ. ಆಕೆಯ ನೂರಿಪ್ಪತ್ತೈದು ರೂಪಾಯಿಯನ್ನು ಏರಿಸಲು ಹೊಸ ಕಾಯಿದೆಯಲ್ಲಿ ದಾರಿಯಿದೆಯೆಂದು ವಕೀಲರು ಹೇಳುತ್ತಲೇ ಇದ್ದರು. ಸುಣ್ಣದ ಪ್ರಸಂಗವಾದ ಮೇಲೆ ನನಗೆ ಆಕೆಯ ಮೆಟ್ಟಿಲ ಬಳಿ ಕೆಮ್ಮುವುದಕ್ಕೂ ಧೈರ್ಯವಿರಲಿಲ್ಲ. ಮೂರು ವರ್ಷದ ಮೇಲೆ ಆಕೆಯೇ ಇನ್ನೂರು ರೂಪಾಯಿ ತಂದು, 'ಬದನೆಕಾಯಿ ಬೆಲೆ ಏರಿದೆ ಮೇಷ್ಟ್ರೆ, ನಿಮ್ಮ ಮನೆ ಬೆಲೆ ಏರಬಾರದೆ?' ಎಂದು ಜಗಲಿಯ ಮೇಲೆ ಇಟ್ಟಳು. ೨೦೧೪ರಲ್ಲಿ ಆಕೆ ತೀರಿಕೊಂಡಳು. ಮಗಳು ಬಂದು ಸಾಮಾನುಗಳನ್ನು ಒಯ್ದ ದಿನ ೧೯೭೪ರ ಮುಂಗಡ ಇನ್ನೂರು ರೂಪಾಯಿಯನ್ನು ಕಾಸೂ ಮುರಿಯದೆ ಕೈಗಿಟ್ಟೆನು. ಅವಳು ನೋಟುಗಳನ್ನು ನೋಡಿ ನಕ್ಕಳು. ಆಗ ಆ ಮನೆಯ ಬಾಡಿಗೆ ತಿಂಗಳಿಗೆ ನಲವತ್ತಾಗಿತ್ತಂತೆ; ಐದು ತಿಂಗಳ ಬಾಡಿಗೆಯನ್ನು ಗಂಡನ ಸಂಬಳದಿಂದ ಉಳಿಸಿ ಕೊಡಲು ತಾಯಿ ಒಂದು ವರ್ಷ ಪಟ್ಟ ಪಾಡನ್ನು ಅವಳು ಕೇಳಿ ಬಲ್ಲಳು. ನಾನು ಹಿಂದಕ್ಕೆ ಕೊಟ್ಟ ಇನ್ನೂರು ಒಂದು ವಾರದ ತರಕಾರಿಗೆ ಸಾಲದು. ನಲವತ್ತು ವರ್ಷ ಬಡ್ಡಿಯಿಲ್ಲದೆ ಇಟ್ಟುಕೊಂಡ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದೆನೆಂದು ಮಾಲೀಕನು ಎದೆತಟ್ಟಿಕೊಳ್ಳುವುದು ಹೇಗೆ? ಇದು ನನಗೆ ಅವಳ ನಗೆಯಿಂದ ಹೊಳೆಯಿತು. ಲೆಕ್ಕದ ಮೇಷ್ಟರಾಗಿ ಮೂವತ್ತಾರು ವರ್ಷ ಚಕ್ರಬಡ್ಡಿಯನ್ನು ಕಲಿಸಿದ್ದರಿಂದ ಹೊಳೆದಿರಲಿಲ್ಲ.

೨೦೨೩ರಲ್ಲಿ ಸರ್ಕಾರದವರು ಗೃಹಜ್ಯೋತಿ ಎಂದು ತಿಂಗಳಿಗೆ ಇನ್ನೂರು ಯೂನಿಟ್ಟುಗಳವರೆಗೆ ವಿದ್ಯುತ್ತನ್ನು ಉಚಿತವಾಗಿ ಕೊಡತೊಡಗಿದಾಗ ವಠಾರದಲ್ಲಿ ದೊಡ್ಡ ಗಲಭೆಯಾಯಿತು. ಬಾಡಿಗೆಯವರಿಗೂ ಅದು ಉಂಟು. ಆದರೆ ನಮ್ಮ ನಾಲ್ಕು ಮನೆಗಳಿಗೂ ಸೇರಿ ಇಲಾಖೆಯ ಮೀಟರು ಒಂದೇ, ಒಳಗಿನವು ನಾನು ಹಾಕಿಸಿದ ಉಪಮೀಟರುಗಳು. ನಾಲ್ಕು ಸಂಸಾರ ಸೇರಿದರೆ ಇನ್ನೂರು ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಒಂದು ಸಂಜೆ ನಾಲ್ಕು ಮನೆಯವರೂ ಒಟ್ಟಾಗಿ ನಮ್ಮ ಜಗಲಿಗೆ ಬಂದು ಪ್ರತ್ಯೇಕ ಮೀಟರುಗಳನ್ನು ಹಾಕಿಸಿಕೊಡಬೇಕೆಂದು ಕೇಳಿದರು. ಈ ಸಲ ಕೆಮ್ಮಿದವರು ಅವರು.

ಆ ದಿನಗಳಲ್ಲಿಯೇ ಬೆಂಗಳೂರಿನಿಂದ ಮಗನು ಬಂದಿದ್ದನು. ವಠಾರವನ್ನು ಕೆಡವಿ ಮೂರು ಅಂತಸ್ತು ಎಬ್ಬಿಸುತ್ತೇವೆಂದು ಕೇಳುವವರಿದ್ದಾರೆ, ಕೆಡವುವ ಮನೆಗೆ ಮೀಟರಿನ ಖರ್ಚು ಏಕೆ ಎಂದು ಅವನ ವಾದ. ವಾದದಲ್ಲಿ ತಪ್ಪಿಲ್ಲ, ಎಂಬತ್ತು ವರ್ಷದವನು ಹೆಂಚಿನ ಮೇಲೆ ಕಣ್ಣಿಟ್ಟುಕೊಂಡು ಎಷ್ಟು ಮಳೆಗಾಲ ಕಳೆದಾನು? ಮೀಟರಿನ ಅರ್ಜಿಗಳಿಗೆ ನಾನು ಆಗಲೇ ರುಜು ಹಾಕಿದ್ದೆನು. ಅವನು ಮುಂದೆ ಮಾತನಾಡದೆ, ಎಲ್ಲವನ್ನೂ ಒಮ್ಮೆ ನೋಡಿಬಿಡುತ್ತೇನೆಂದು ಲೆಕ್ಕದ ಪುಸ್ತಕಗಳನ್ನು ತೆಗೆದುಕೊಂಡು ಕುಳಿತನು. ಸ್ವಲ್ಪ ಹೊತ್ತಿನ ಮೇಲೆ, 'ಇದೇನಪ್ಪ, ವರ್ಷವರ್ಷವೂ ಸುಣ್ಣದ ಬಾಬ್ತು ಕೊಡಬೇಕಾದ್ದು ಆರುನೂರು ಅಂತ ಬರೆದಿದ್ದೀರಿ? ಯಾರಿಗೆ?' ಎಂದು ಕೇಳಿದನು.

ಹೇಳಿದೆನು. ಏಣಿಯ ಮಾತನ್ನೂ ಸೇರಿಸಿಯೇ ಹೇಳಿದೆನು. ಅವನು ಪೆನ್ಸಿಲನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಡ್ಡಿ ಹಾಕಿಯೇ ಇಲ್ಲವಲ್ಲ' ಎಂದನು.

'ಹಾಕು.'

'ಏನು ದರ?'

ಬ್ಯಾಂಕಿನಲ್ಲಿಟ್ಟಿದ್ದರೆ ನನಗೆ ಬರುತ್ತಿತ್ತೆಂದು ಆಗ ಅಷ್ಟು ಹಲುಬಿದ್ದ ದರವೇ ನೆನಪಿಗೆ ಬಂದಿತು. 'ಎಂಟರಂತೆ ಹಾಕು' ಎಂದೆನು. ಇಪ್ಪತ್ತು ವರ್ಷಕ್ಕೆ ಸರಳಬಡ್ಡಿ. ಅವನು ಆರುನೂರನ್ನು ಹೊಡೆದು ಅದರ ಕೆಳಗೆ ೧,೫೬೦ ಎಂದು ಬರೆದನು.